ಜನರೇಟರ್‌ಗೆ ಡೀಸೆಲ್ಲೋ, ಗ್ಯಾಸೋ? (ಬಡಾವಣೆ ನಿವಾಸಿಗಳ ಗುಂಪು, ಸಾಗರ)

ಮನೆ 14, ಬೆಳಿಗ್ಗೆ 5:40
ನಿನ್ನೆ ಸಂಜೆ ಹೋದ ಕರೆಂಟ್ ಇನ್ನೂ ಬಂದಿಲ್ಲ. ಇನ್ವರ್ಟರ್ ಖಾಲಿಯಾಗಿ ಅತ್ತೆಯ ಆಮ್ಲಜನಕದ ಯಂತ್ರ ನಡುರಾತ್ರಿ ನಿಂತಿತು. ಮನೆಯಲ್ಲಿ ಸಿಲಿಂಡರ್ ಇರದಿದ್ದರೆ ಏನಾಗುತ್ತಿತ್ತೋ! ಅದರ ಮೇಲೆ ಪಕ್ಕದ ಮನೆಯ ಜಗಲಿಯ ಪೆಟ್ರೋಲ್ ಜನರೇಟರ್ ನಮ್ಮ ಕಿಟಕಿಗೇ ಹೊಗೆ ಉಗುಳುತ್ತಿತ್ತು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಪ್ರತಿ ಮಳೆಗಾಲ ಸಭೆ ಸೇರಿ ಚಹಾ ಕುಡಿದು ಎದ್ದದ್ದು ಸಾಕು. ಬಡಾವಣೆಗೆ ಒಂದು ಜನರೇಟರ್ ಬೇಕು. ಯಾವ ಇಂಧನದ್ದು ಎಂದು ಇವತ್ತೇ ತೀರ್ಮಾನವಾಗಲಿ.

ಮನೆ 15
ಅಕ್ಕ, ನಮ್ಮ ಫ್ರಿಜ್‌ನಲ್ಲಿ ಅಪ್ಪನ ಇನ್ಸುಲಿನ್ ಇತ್ತು. ಆ ಮಳೆಯಲ್ಲಿ ಯಂತ್ರವನ್ನು ಅಂಗಳದಲ್ಲಿ ಇಡಲಾಗುತ್ತದೆಯೇ?

ಮನೆ 3
ಜನರೇಟರ್ ಆಮೇಲೆ. ತಿರುವಿನ ಅಕೇಶಿಯಾ ಮರ ಕಡಿಯಲು ಹೋದಾಗ ಅಡ್ಡ ಬಂದವರು ಯಾರು? ಅವರು ಮೊದಲು ಉತ್ತರ ಕೊಡಲಿ. ನಿನ್ನೆ ತಂತಿಯ ಮೇಲೆ ಬಿದ್ದದ್ದು ಅದರದ್ದೇ ಕೊಂಬೆ.

ಮನೆ 9
ಗೌಡರೇ, ನಾನು ಬೇಡ ಎಂದದ್ದು ಪಕ್ಕದ ಹಲಸನ್ನು ಕಡಿಯುವುದಕ್ಕೆ. ಅಕೇಶಿಯಾದ ಮಾತೇ ಬಂದಿರಲಿಲ್ಲ.

ಮನೆ 3
ಎಲ್ಲ ಬಂದಿತ್ತು. ನನಗೆ ನೆನಪಿದೆ. ಇನ್ನೊಂದು ಮಾತು. ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ನಮ್ಮ ಹಿರಿಯರ ಗದ್ದೆ, ತೋಟ, ದೇವಸ್ಥಾನ ಎಲ್ಲವೂ ನೀರಿನಡಿ ಹೋದವು. ನಾಡಿಗೆಲ್ಲ ಬೆಳಕು ಕೊಟ್ಟವರು ನಾವು. ಈಗ ನಾವೇ ದುಡ್ಡು ಹಾಕಿ ಜನರೇಟರ್ ತರಬೇಕೇ? ಕಚೇರಿಯ ಮುಂದೆ ಧರಣಿ ಕೂರೋಣ.

ಮನೆ 7
ಫಾರ್ವರ್ಡ್ ಆಗಿದೆ: ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಉರಿಯುವ ಬಲ್ಬ್! ಎಲ್ಲರಿಗೂ ತಲುಪಿಸಿ. 🙏

ಮನೆ 18
ಜನರೇಟರ್ ಯಾಕೆ, ಗೌಡರ ದನಿಗೇ ವೈರ್ ಜೋಡಿಸೋಣ. 😄

ಮನೆ 14
ದಯವಿಟ್ಟು ತಮಾಷೆ ಬೇಡ. ಮೇಷ್ಟ್ರೇ, ನಿಮ್ಮ ಕಾಲೇಜಿನ ಜನರೇಟರ್ ನೋಡಿಕೊಂಡವರು ನೀವು. ಹೇಳಿ.

ಮನೆ 22
ಮೊದಲು ಹೊರೆ ಎಷ್ಟು ಎಂದು ನೋಡಬೇಕು. ಅಕ್ಕನ ಮನೆಯ ಆಮ್ಲಜನಕದ ಯಂತ್ರಕ್ಕೆ ಸುಮಾರು 350 ವ್ಯಾಟ್ ಸಾಕು. ಆದರೆ ಕೊಳವೆಬಾವಿಯದು 5 ಎಚ್‌ಪಿ ಪಂಪ್. ಚಾಲೂ ಆಗುವ ಗಳಿಗೆಯಲ್ಲಿ ಅದು ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಅದಕ್ಕೆ 15 ಕೆವಿಎ ಸಾಮರ್ಥ್ಯದ ಜನರೇಟರ್ ಆದರೂ ಬೇಕು.

ಪೆಟ್ರೋಲ್ ಬೇಡ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಕೆಲವು ತಿಂಗಳು ಓಡಿಸದೆ ಹಾಗೇ ಇಟ್ಟರೆ ಕಾರ್ಬ್ಯುರೇಟರ್‌ನಲ್ಲಿ ಅಂಟು ಕಟ್ಟಿ, ಬೇಕಾದ ದಿನವೇ ಹತ್ತುವುದಿಲ್ಲ.

ಗ್ಯಾಸ್ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ, ಹೊಗೆಯೂ ಕಡಿಮೆ. ಆದರೆ ಅಡುಗೆಯ 14.2 ಕೆಜಿ ಸಿಲಿಂಡರ್ ಬಳಸುವುದು ಕಾನೂನಿಗೆ ವಿರುದ್ಧ. 19 ಕೆಜಿಯ ವಾಣಿಜ್ಯ ಸಿಲಿಂಡರ್ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಪಂಪ್‌ಹೌಸ್ ಮೆಟ್ಟಿಲಿಳಿದು ಹೋಗುವಂಥದ್ದು. ಅಲ್ಲಿ ಮೋಟಾರಿನ ಒಂದು ಕಿಡಿ ಹಾರಿದರೂ ಮುಗಿಯಿತು.

ಆದ್ದರಿಂದ ನನ್ನ ಮತ ಡೀಸೆಲ್‌ಗೆ. ತಕ್ಕಷ್ಟು ಹೊರೆ ಇದ್ದರೆ ಲೀಟರಿಗೆ ಸುಮಾರು 3 ಯೂನಿಟ್ ಸಿಗುತ್ತದೆ. ಅರ್ಧ ಖಾಲಿ ಇಟ್ಟ ಟ್ಯಾಂಕಿನ ಒಳಗೋಡೆ ಬೆವರಿ ನೀರು ತಳಕ್ಕಿಳಿಯುತ್ತದೆ, ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಟ್ಯಾಂಕ್ ತುಂಬಿಯೇ ಇರಬೇಕು, ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಸಿಯಬೇಕು. ಒಂದೆರಡು ಬಲ್ಬಿಗಾಗಿ ರಾತ್ರಿಯಿಡೀ ಓಡಿಸಬಾರದು; ಸುಡದ ಎಣ್ಣೆ ಸೈಲೆನ್ಸರ್‌ನಿಂದ ಕಪ್ಪಗೆ ಜಿನುಗುತ್ತದೆ. ರಾತ್ರಿಯ ಆಮ್ಲಜನಕದ ಯಂತ್ರಕ್ಕೆ ಅಕ್ಕ ಇನ್ನೊಂದು ಬ್ಯಾಟರಿ ಹಾಕಿಸುವುದೇ ಸರಿ: 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಸಂಜೆ ಜನರೇಟರ್‌ನಿಂದ ಪಂಪ್ ಓಡಿಸುವಾಗಲೇ ಅದನ್ನೂ ಚಾರ್ಜ್ ಮಾಡಿಕೊಳ್ಳಬಹುದು.

ಯಾವ ಇಂಧನವಾದರೂ ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನ್ ಕಡಿದು ಜನರೇಟರ್‌ಗೆ ಬದಲಿಸುವ ಸ್ವಿಚ್) ಇಲ್ಲದೆ ಜೋಡಿಸಬೇಡಿ. ನಮ್ಮ ಕರೆಂಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಮೂಲಕ ಸಾವಿರಾರು ವೋಲ್ಟ್ ಆಗುತ್ತದೆ. ಕಂಬದ ಮೇಲೆ ಲೈನ್‌ಮ್ಯಾನ್ ಹುಡುಗ ಇರುತ್ತಾನೆ. ಮನೆ 15, ನೀವು ನಿನ್ನೆ ಪ್ಲಗ್‌ಗೆ ನೇರ ಚುಚ್ಚಿರಲಿಲ್ಲ ತಾನೇ?

ಮನೆ 15
ಇಲ್ಲ ಮೇಷ್ಟ್ರೇ, ಬೇರೆ ವೈರ್ ಎಳೆದು ಫ್ರಿಜ್‌ಗೆ ಮಾತ್ರ ಕೊಟ್ಟಿದ್ದೆ.

ಮನೆ 14
ಮೇಷ್ಟ್ರು ಹೇಳಿದ್ದು ನನಗೆ ಒಪ್ಪಿಗೆ. ಡೀಸೆಲ್, 15 ಕೆವಿಎ. ಒಪ್ಪುವವರು ಮನೆ ಸಂಖ್ಯೆ ಬರೆಯಿರಿ.

ಮನೆ 9
9, ಒಪ್ಪಿಗೆ.

ಮನೆ 3
ಎಲ್ಲಿ ಇಡುತ್ತೀರಿ? ಪಂಪ್‌ಹೌಸ್ ಪಕ್ಕ ಎಂದರೆ ನನ್ನ ಮಲಗುವ ಕೋಣೆಯ ಗೋಡೆ. ಒಪ್ಪುವುದಿಲ್ಲ.

ಮನೆ 22
ಮುಚ್ಚಿದ ಪೆಟ್ಟಿಗೆಯದೇ ತರೋಣ ಗೌಡರೇ. 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು ಎಂಬ ನಿಯಮವಿದೆ.

ಮನೆ 3
ಜನವಸತಿಯಲ್ಲಿ ರಾತ್ರಿ 45 ಎಂಬ ನಿಯಮವೂ ಇದೆ ಮೇಷ್ಟ್ರೇ. ಮರ ಬೆಳೆಸಿದವರ ಮನೆ ಮುಂದೆ ಇಡಿ.

ಮನೆ 9
ಮತ್ತೆ ಅದೇ ರಾಗ!

ಮನೆ 14
ರಾತ್ರಿ ಓಡಿಸುವುದೇ ಬೇಡ ಎಂದು ಈಗ ತಾನೇ ಹೇಳಿದರಲ್ಲ. ಸಂಜೆ ಎಂಟರೊಳಗೆ ಪಂಪ್ ಓಡಿಸಿ ನಿಲ್ಲಿಸಿದರೆ ಸಾಕು. ಉಳಿದವರು ಮಾತನಾಡಿ.

ಮನೆ 18
ಕರೆಂಟ್ ಬಂತು!

ಮನೆ 7
ಬಂತು 🙏 ಆದರೆ ನಲ್ಲಿಯಲ್ಲಿ ನೀರು ಕೆಂಪಗೆ ಬರುತ್ತಿದೆ. ನಿಮ್ಮಲ್ಲೂ ಹಾಗೆಯೇ?

ಮನೆ 11
ನಮ್ಮಲ್ಲೂ. ಬಕೆಟ್ ತಳದಲ್ಲಿ ಬೆರಳಿಗೆ ಸಿಗುವಷ್ಟು ಮಣ್ಣು.

ಮನೆ 3
ಟ್ಯಾಂಕ್ ತೊಳೆದು ಎಷ್ಟು ಕಾಲವಾಯಿತು? ಜವಾಬ್ದಾರಿ ಯಾರದ್ದಾಗಿತ್ತು?

ಮನೆ 14
ಜನರೇಟರ್‌ಗೆ ಒಪ್ಪಿದ್ದು ಇಲ್ಲಿಯವರೆಗೆ 9, 14, 22. ಉಳಿದವರು?

ಮನೆ 11
ಅಕ್ಕ, ಮೊದಲು ನೀರಿನದು ಆಗಲಿ. ಮಕ್ಕಳು ಇದನ್ನೇ ಕುಡಿಯುವುದು.

ಮನೆ 3
ಭಾನುವಾರ ಹತ್ತಕ್ಕೆ ಟ್ಯಾಂಕ್ ಹತ್ತಿರ ಸೇರೋಣ. ಬ್ಲೀಚಿಂಗ್ ಪುಡಿ ಯಾರು ತರುತ್ತೀರಿ?