ರೀಸ್ಟಾರ್ಟ್ ಕೊಟ್ಟರೆ ಹಳೇ ಫೈಲುಗಳೆಲ್ಲ ತಾವಾಗೇ ತೆರೀತವೆ, ನಿಲ್ಲಿಸುವುದು ಹೇಗೆ?

ಬದಿಯಡ್ಕ ಡಿಟಿಪಿ:
ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ವಿಂಡೋಸ್ 11. ರೀಸ್ಟಾರ್ಟ್ ಮಾಡಿ ಪಾಸ್‌ವರ್ಡ್ ಹಾಕಿದ ಕೂಡ್ಲೆ ಮೊದಲು ತೆರೆದಿದ್ದ ವರ್ಡ್ ಫೈಲು, ಕ್ರೋಮ್, ಫೋಲ್ಡರು ಎಲ್ಲ ಎದ್ದು ಬರ್ತವೆ. ಮೊನ್ನೆ ಪ್ರಿಂಟರ್ ಕೈಕೊಟ್ಟಿತು ಅಂತ ರೀಸ್ಟಾರ್ಟ್ ಕೊಟ್ಟೆ. ಎದುರು ಕೂತವರು ಮಗಳ ಮದುವೆ ಕಾಗದ ಮಾಡಿಸ್ಲಿಕ್ಕೆ ಬಂದ ಗಂಡ ಹೆಂಡತಿ. ಸ್ಕ್ರೀನ್ ತುಂಬ ಬಂದದ್ದು ಬೆಳಿಗ್ಗೆ ಟೈಪ್ ಮಾಡಿದ ಉತ್ತರಕ್ರಿಯೆಯ ಕಾಗದ, ಕಪ್ಪು ಬಾರ್ಡರ್ ಸಮೇತ! ಅವರು ಏನೂ ಹೇಳ್ಲಿಲ್ಲ. ಆ ಅಮ್ಮ ಮಾತ್ರ "ನಾಳೆ ಬರುವ" ಅಂತ ಎದ್ದರು. ಬರ್ಲಿಲ್ಲ. ಸ್ಟಾರ್ಟಪ್ ಲಿಸ್ಟಿನಲ್ಲಿ ಎಲ್ಲ ಡಿಸೇಬಲ್ ಮಾಡಿ ಆಯ್ತು, ಪ್ರಯೋಜನ ಇಲ್ಲ.

ಕುಂಬಳೆಯವ:
ಅದು ಬೇರೆ, ಇದು ಬೇರೆ ಮಾರಾಯ್ರೆ. ಸ್ಟಾರ್ಟಪ್ ಲಿಸ್ಟು ಸೈನ್ ಇನ್ ಆದಾಗೆಲ್ಲ ಓಡುವ ಪ್ರೋಗ್ರಾಮುಗಳದ್ದು. ನಿಮ್ಮದು ವಿಂಡೋಸ್ ನೆನಪಿಟ್ಟುಕೊಂಡು ಎಬ್ಬಿಸುವುದು. ವರ್ಡಿನಂಥವು "ರೀಸ್ಟಾರ್ಟ್ ಆದ ಮೇಲೆ ನನ್ನನ್ನು ಪುನಃ ತೆರೆ" ಅಂತ ವಿಂಡೋಸಿಗೆ ಮೊದಲೇ ಹೇಳಿಟ್ಟಿರ್ತವೆ. ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ. ಕೆಳಗೆ "ಆಟೊಮ್ಯಾಟಿಕಲಿ ಸೇವ್ ಮೈ ರೀಸ್ಟಾರ್ಟೆಬಲ್ ಆಪ್ಸ್" ಅಂತ ಶುರುವಾಗುವ ಉದ್ದದ ಸಾಲು ಉಂಟು, ಆಫ್ ಮಾಡಿ. ವಿಂಡೋಸ್ 10ರಲ್ಲಿ ಅದೇ ಜಾಗದಲ್ಲಿ "ರೀಸ್ಟಾರ್ಟ್ ಆಪ್ಸ್" ಅಂತ ಇರ್ತದೆ.

ಬದಿಯಡ್ಕ ಡಿಟಿಪಿ:
ವರ್ಡ್ ನಿಂತಿತು! ಆದ್ರೆ ಫೋಲ್ಡರ್ ಬರ್ತದೆ. ಕ್ರೋಮ್ ತಾನಾಗಿ ಬರುವುದಿಲ್ಲ, ನಾನು ತೆರೆದರೆ ನಿನ್ನೆಯ ಗಿರಾಕಿಯ ಅರ್ಜಿಯ ಟ್ಯಾಬೇ ಎದುರು.

ಕುಂಬಳೆಯವ:
ಫೋಲ್ಡರಿಗೆ: ಫೈಲ್ ಎಕ್ಸ್‌ಪ್ಲೋರರಿನ ಮೇಲಿನ ಮೂರು ಚುಕ್ಕಿ, ಆಪ್ಷನ್ಸ್, ವ್ಯೂ. ಅಲ್ಲಿ "ರೀಸ್ಟೋರ್ ಪ್ರೀವಿಯಸ್ ಫೋಲ್ಡರ್ ವಿಂಡೋಸ್ ಅಟ್ ಲಾಗಾನ್" ಎದುರಿನ ಟಿಕ್ ತೆಗೀರಿ. ಯಾರೋ ಹಾಕಿದ್ದೇ ಇರ್ಬೇಕು, ಮೊದಲಿಂದ ಅಲ್ಲಿ ಟಿಕ್ ಇರುವುದಿಲ್ಲ. ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ "ಆನ್ ಸ್ಟಾರ್ಟಪ್" ಅಡಿಯಲ್ಲಿ "ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್" ಬಿಟ್ಟು ಹೊಸ ಟ್ಯಾಬ್ ಆರಿಸಿ. ಗಿರಾಕಿಗಳ ಅರ್ಜಿ ತುಂಬುವಾಗ ಇನ್‌ಕಾಗ್ನಿಟೊ ವಿಂಡೋ ಬಳಸಿ, ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಿ. ಇನ್ನೊಬ್ಬರ ಆಧಾರ್ ನಂಬರು ಸ್ಕ್ರೀನಿಗೆ ಬಂದರೆ ಉತ್ತರಕ್ರಿಯೆ ಕಾಗದದಷ್ಟು ಸಸಾರ ಅಲ್ಲ.

ಒಂದು ಮಾತು. ವರ್ಡಿನ ಆಟೊರಿಕವರ್ ಮಾತ್ರ ಮುಟ್ಟಬೇಡಿ. ಹತ್ತು ನಿಮಿಷಕ್ಕೊಮ್ಮೆ ಪ್ರತಿ ಇಟ್ಟುಕೊಳ್ಳುವುದು ಅದು. ಮಳೆಗಾಲದಲ್ಲಿ ಕರೆಂಟು ಹೋದ್ರೆ ನಮಗೆ ಅದೇ ಗತಿ.

ಹೊಸೂರಿನಿಂದ:
ನನ್ನದು ಮ್ಯಾಕ್, ಇದೇ ಗೋಳು.

ಕುಂಬಳೆಯವ:
ಆಪಲ್ ಮೆನುವಿನಲ್ಲಿ ರೀಸ್ಟಾರ್ಟ್ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ "ರೀಓಪನ್ ವಿಂಡೋಸ್" ಟಿಕ್ ತೆಗೆದು ಮುಂದುವರೀರಿ.

ಬದಿಯಡ್ಕ ಡಿಟಿಪಿ:
ಅದೇ ಕಾಗದ ತೆರೆದಿಟ್ಟು ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದೆ. ಬರೀ ಡೆಸ್ಕ್‌ಟಾಪು. ಪ್ರಿಂಟರ್ ಮಾತ್ರ ಈಗಲೂ ಹಾಗೇ ಉಂಟು, ಅದಕ್ಕೆ ಬೇರೆ ಪ್ರಶ್ನೆ ಹಾಕ್ತೇನೆ.