ಧ್ರುವದ ಮೇಲಿನ ಪ್ಲಾಸ್ಮಾಕ್ಕೆ ‘ಸಂವಹನ’ ಸರಿಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ನನ್ನ ಲೇಖನ ನಾಲ್ಕು ದಿನದಿಂದ ನಿಂತಿದೆ. ಕನ್ವೆಕ್ಷನ್‌ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ಸಂವಹನ’ ಎಂದಿದೆ. ಪಾತ್ರೆಯ ನೀರು ಕಾದು ಮೇಲೇಳುವುದಕ್ಕೆ ಅದು ಸಾಕು. ನಾನು ಬರೆಯುತ್ತಿರುವುದು ಧ್ರುವಗಳ ಮೇಲಿನ ಅಯಾನುಗೋಳದಲ್ಲಿ, ಅಂದರೆ ವಾತಾವರಣದ ಮೇಲ್ಪದರದಲ್ಲಿ, ಪ್ಲಾಸ್ಮಾ (ಅಯಾನು ಎಂಬ ವಿದ್ಯುದಂಶದ ಕಣಗಳೂ ಎಲೆಕ್ಟ್ರಾನುಗಳೂ ಬೆರೆತ ಅನಿಲ) ಸುತ್ತುವುದರ ಬಗ್ಗೆ. ಇಂಗ್ಲಿಷಿನಲ್ಲಿ ಇದಕ್ಕೂ ಕನ್ವೆಕ್ಷನ್ ಎಂದೇ ಹೆಸರು. ಅದನ್ನು ಸುತ್ತಿಸುವುದು ಕಾವಲ್ಲ. ಅದೂ ಅಲ್ಲದೆ, ಈಗ ಸಂವಹನ ಅಂದರೆ ಜನರಿಗೆ ಹೊಳೆಯುವುದು ಮಾತುಕತೆ, ಸಂಪರ್ಕ. ಅಲ್ವಾ?

ಅಲ್ಲಿ ನಡೆಯುವುದು ಇಷ್ಟು. ಸೌರ ಮಾರುತ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಹೊನಲು, ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುತ್ತದೆ. ಬರುವಾಗ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ, ಹಗಲಿನ ಬದಿಯಲ್ಲಿ ಭೂಮಿಯ ಕಾಂತರೇಖೆಗಳ ಜೊತೆ ಬೆಸೆದುಕೊಳ್ಳುತ್ತದೆ. 1961ರಲ್ಲಿ ಭೌತವಿಜ್ಞಾನಿ ಜೇಮ್ಸ್ ಡಂಗಿ ಕೊಟ್ಟ ವಿವರಣೆ ಇದು. ಬೆಸೆದ ರೇಖೆಗಳನ್ನು ಮಾರುತ ಹಿಂದಕ್ಕೆ ಎಳೆದೊಯ್ಯುತ್ತದೆ. ಅವುಗಳ ಬುಡ ಇರುವುದು ಧ್ರುವದ ಮೇಲೆ. ಹಾಗಾಗಿ ಅಲ್ಲಿನ ಪ್ಲಾಸ್ಮಾ ಕೂಡ ನಡುಹಗಲಿನ ಬದಿಯಿಂದ ನಡುರಾತ್ರಿಯ ಬದಿಗೆ ಸಾಗುತ್ತದೆ. ಸೆಕೆಂಡಿಗೆ 500 ಮೀಟರ್ ಅಂದುಕೊಂಡರೂ 3,000 ಕಿ.ಮೀ. ದಾಟಲು ಎರಡು ಗಂಟೆ ಬೇಡ. ಆಮೇಲೆ ಮುಂಜಾನೆ ಮತ್ತು ಮುಸ್ಸಂಜೆಯ ಅಂಚುಗಳ ಮೂಲಕ ಹಗಲಿನ ಕಡೆಗೇ ವಾಪಸ್.

ಇದನ್ನು ‘ಪ್ಲಾಸ್ಮಾ ಪ್ರವಾಹ’ ಎಂದು ಬರೆದು ಹೊಡೆದುಹಾಕಿದೆ. ಪ್ರವಾಹ ಅಂದ ಕೂಡಲೇ ವಿದ್ಯುತ್ ಪ್ರವಾಹ ನೆನಪಾಗುತ್ತದೆ. ಆದರೆ 200 ಕಿ.ಮೀ.ಗಿಂತ ಮೇಲೆ ಅಯಾನುಗಳೂ ಎಲೆಕ್ಟ್ರಾನುಗಳೂ ಒಟ್ಟಿಗೇ ಸಾಗುತ್ತವೆ, ಆ ಸಾಗಾಟದಿಂದ ಕರೆಂಟ್ ಹುಟ್ಟುವುದಿಲ್ಲ. ಸುಮಾರು 110 ಕಿ.ಮೀ. ಎತ್ತರದಲ್ಲಿ ಕಥೆ ಬೇರೆ. ಅಲ್ಲಿ ಅಯಾನುಗಳು ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ಹಿಂದುಳಿಯುತ್ತವೆ, ಎಲೆಕ್ಟ್ರಾನುಗಳು ಮಾತ್ರ ಮುಂದೆ ಹೋಗುತ್ತವೆ. ಆಗ ಕರೆಂಟ್ ಹುಟ್ಟುತ್ತದೆ, ಅದೂ ಹರಿವಿನ ಎದುರು ದಿಕ್ಕಿಗೆ. ಇವೆರಡಕ್ಕೂ ಒಂದೇ ಪದ ಬಳಸಿದರೆ ಓದುಗರು ದಾರಿ ತಪ್ಪುತ್ತಾರೆ. ಅದಕ್ಕೇ ಮೇಲಿನದಕ್ಕೆ ‘ಸುತ್ತುಹರಿವು’ ಎಂದು ಇಟ್ಟುಕೊಂಡಿದ್ದೇನೆ.

ದಿಕ್ಕಿನ ಮಾತಿನಲ್ಲೂ ಜಾಗ್ರತೆ ಬೇಕು. ತೆಂಗಾಳಿ ಅಂದರೆ ತೆಂಕಣದಿಂದ ಬೀಸುವ ಗಾಳಿ. ಕಾಂತಕ್ಷೇತ್ರಕ್ಕೆ ಹೆಸರು ಬರುವುದು ಅದು ಯಾವ ಕಡೆಗೆ ಮುಖ ಮಾಡಿದೆ ಎಂಬುದರಿಂದ. ಸುಮ್ನೆ ‘ದಕ್ಷಿಣದ ಕ್ಷೇತ್ರ’ ಎಂದರೆ ಅರ್ಥ ತಲೆಕೆಳಗಾಗಬಹುದು. ‘ದಕ್ಷಿಣಮುಖಿ’ ಎಂದೇ ಬರೆಯೋಣ ಎನ್ನುವುದು ನನ್ನ ಅಭಿಪ್ರಾಯ.

ನಿಜವಾದ ತೊಡಕು ‘ಸೆಲ್’ ಎಂಬ ಪದದ್ದು. ಮುಂಜಾನೆಯ ಬದಿಯಲ್ಲೊಂದು, ಮುಸ್ಸಂಜೆಯ ಬದಿಯಲ್ಲೊಂದು ಹೀಗೆ ಹರಿವು ಎರಡು ಬಳೆಗಳಾಗಿ ಸುತ್ತುತ್ತದಲ್ಲ, ಅದರಲ್ಲಿ ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಸೆಲ್ ಎನ್ನುತ್ತಾರೆ. ‘ಕೋಶ’ ಅಂದರೆ ಜೀವಕೋಶವೇ ಕಣ್ಣಿಗೆ ಬರುತ್ತದೆ. ‘ಎರಡು ಸುತ್ತು’ ಅಂದರೆ ಎರಡು ಸಲ ಸುತ್ತಿದ ಹಾಗೆ ಕೇಳಿಸುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ‘ಸುಳಿ’. ತಲೆಯ ಮೇಲೆ ಎರಡು ಸುಳಿ ಎನ್ನುತ್ತೇವಲ್ಲ, ಹಾಗೇ ಧ್ರುವದ ಮೇಲೆ ಜೋಡಿಸುಳಿ. ಕ್ಷೇತ್ರ ಉತ್ತರಮುಖಿಯಾದಾಗ ಕೆಲವೊಮ್ಮೆ ಒಳಗೆ ಇನ್ನೊಂದು ಪುಟ್ಟ ಜೋಡಿ ಹುಟ್ಟಿ ಎದುರಾಗಿ ತಿರುಗುತ್ತದೆ. ಆಗ ‘ನಾಲ್ಕು ಸುಳಿ’ ಎಂದು ಎಣಿಸಬಹುದು. ಕ್ಷೇತ್ರ ಪಕ್ಕಕ್ಕೆ ವಾಲಿದರೆ ಒಂದು ಸುಳಿ ದುಂಡಗಾಗಿ, ಇನ್ನೊಂದು ಬಿದಿಗೆ ಚಂದ್ರನ ಹಾಗೆ ಬಾಗುತ್ತದೆ. ದಕ್ಷಿಣಾರ್ಧಗೋಳದಲ್ಲಿ ಇದು ಅದಲುಬದಲು. ಇದನ್ನೂ ‘ಸುಳಿ’ಯಲ್ಲಿ ಸಲೀಸಾಗಿ ಹೇಳಬಹುದು.

ಒಂದೇ ಅಳುಕು. ಹೊಳೆಯ ಸುಳಿ ನಡುವಿಗೆ ಸೆಳೆದು ಮುಳುಗಿಸುತ್ತದೆ. ಇಲ್ಲಿ ಅಂಥ ಸೆಳೆತ ಇಲ್ಲ, ಪ್ಲಾಸ್ಮಾ ಸುತ್ತಿ ವಾಪಸ್ ಬರುತ್ತದೆ ಅಷ್ಟೆ. ‘ಪ್ಲಾಸ್ಮಾ ಸುಳಿ’ ಎಂದು ಓದಿದಾಗ ನಿಮಗೆ ಆ ಮುಳುಗುವ ಚಿತ್ರ ಬರುತ್ತದೆಯೇ? ಬರುವುದಾದರೆ, ಎಣಿಸಲು ಬರುವ ಬೇರೆ ಪದ ಯಾವುದಿದೆ?