ಯುಎಪಿಎ (ಕಾನೂನುಬಾಹಿರ ಚಟುವಟಿಕೆ, ಭಯೋತ್ಪಾದನೆ ತಡೆ ಕಾಯ್ದೆ) ಕೇಸಲ್ಲಿ ತಮ್ಮನನ್ನು ಕರೆದೊಯ್ದಿದ್ದಾರೆ. ಮನೆಯವರು ಏನು ಮಾಡಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: ಕುಮಟಾ ಕಡೆಯ ಅಕ್ಕ

ನಮಸ್ಕಾರ. ನನ್ನ ತಮ್ಮ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನಿನ್ನೆ ಸಂಜೆ ಮಫ್ತಿಯಲ್ಲಿ ಬಂದವರು "ಸ್ವಲ್ಪ ವಿಚಾರಣೆ ಇದೆ" ಎಂದು ಅಂಗಡಿಯಿಂದಲೇ ಕರೆದೊಯ್ದರು. ಯಾವ ಠಾಣೆ ಎಂದು ಹೇಳಲಿಲ್ಲ. ಇವತ್ತು ಮಧ್ಯಾಹ್ನ ಫೋನ್ ಬಂತು, ಯುಎಪಿಎ ಹಾಕಿದ್ದಾರಂತೆ. ಅಪ್ಪ ಇಲ್ಲ, ಅಮ್ಮ ಊಟ ಬಿಟ್ಟು ಕೂತಿದ್ದಾರೆ. ಅವನು ಏನು ಮಾಡಿದ್ದಾನೆ, ಮಾಡಿಲ್ಲ, ನನಗೆ ಗೊತ್ತಿಲ್ಲ. ಈಗ ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು, ಅಷ್ಟು ಹೇಳಿ ಸಾಕು.

ಕಾರವಾರದ ವಕೀಲೆ

ಅಕ್ಕ, ಓದಿದ ಕೂಡಲೇ ಹೊರಡಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಇದು ಸಂವಿಧಾನದ 22ನೇ ವಿಧಿ. ಯುಎಪಿಎ ಇದನ್ನು ತೆಗೆದುಹಾಕಿಲ್ಲ. ಸಂಜೆಯ ಲೆಕ್ಕ ಹಿಡಿದರೆ ನಿಮ್ಮ ತಮ್ಮನ 24 ಗಂಟೆ ಮುಗಿಯುತ್ತಾ ಬಂತು. ರಾತ್ರಿಯಾದರೆ, ರಜೆಯಾದರೆ ಮ್ಯಾಜಿಸ್ಟ್ರೇಟರ ಮನೆಗೂ ಕರೆದೊಯ್ಯಬಹುದು. ಆ ಹೊತ್ತಿಗೆ ನಿಮ್ಮ ಕಡೆಯ ವಕೀಲರು ಅಲ್ಲಿರಬೇಕು.

ದಾಖಲೆಯಲ್ಲಿ ಬಂಧನದ ಹೊತ್ತು ಎಷ್ಟು ಎಂದು ಬರೆದಿದ್ದಾರೆ ನೋಡಿ. ನಿನ್ನೆ ಸಂಜೆ ಕರೆದೊಯ್ದು ಇವತ್ತು ಮಧ್ಯಾಹ್ನದ ಹೊತ್ತು ಹಾಕಿದ್ದರೆ ನಡುವಿನ ಆ ರಾತ್ರಿಗೆ ಯಾರೂ ಲೆಕ್ಕ ಕೊಡುವುದಿಲ್ಲ. ಅದಕ್ಕೇ ಅಂಗಡಿಯ, ಅಕ್ಕಪಕ್ಕದವರ ಸಿಸಿಟಿವಿ ದೃಶ್ಯ ಈಗಲೇ ತೆಗೆದಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ, ಯಾವ ಗಾಡಿಯಲ್ಲಿ, ಯಾರು ನೋಡಿದರು ಎಂದು ಬರೆದು ಜಿಲ್ಲಾ ಎಸ್‌ಪಿ ಕಚೇರಿಗೆ ಇಮೇಲ್ ಮಾಡಿ. ಎಲ್ಲಿದ್ದಾನೆ ಎಂಬುದೇ ತಿಳಿಯದಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಅವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎನ್ನುವ ಅರ್ಜಿ ಹಾಕಬಹುದು. ಪೊಲೀಸ್ ಠಾಣೆಗಳಲ್ಲೂ ರಾಷ್ಟ್ರೀಯ ತನಿಖಾ ದಳ ಎನ್‌ಐಎಯಂಥ ಸಂಸ್ಥೆಗಳ ಕಚೇರಿಗಳಲ್ಲೂ ಸಿಸಿಟಿವಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶ ಮಾಡಿದೆ. ಆ ದೃಶ್ಯ ಅಳಿಸದೆ ಇಡಿ ಎಂದು ಮೊದಲ ದಿನವೇ ಅರ್ಜಿ ಕೊಡಿಸಿ. ತಡವಾದರೆ ಸಿಗುವುದಿಲ್ಲ.

ಎರಡನೆಯದು, ಬಂಧನದ ಕಾರಣ ಬರಹದಲ್ಲಿ ಕೊಟ್ಟಿದ್ದಾರಾ ಕೇಳಿ. 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದೂ ಯುಎಪಿಎ ಕೇಸೇ. ಕಾರಣ ಲಿಖಿತವಾಗಿ ಕೊಟ್ಟಿರಲಿಲ್ಲ ಎಂಬುದಕ್ಕೇ ಬಂಧನ, ರಿಮಾಂಡ್ (ಕಸ್ಟಡಿಗೆ ಒಪ್ಪಿಸುವ ಕೋರ್ಟ್ ಆದೇಶ) ಎರಡೂ ರದ್ದಾದವು. "ತನಿಖೆಗೆ ಬೇಕು, ಸಾಕ್ಷ್ಯ ನಾಶ ಮಾಡಬಹುದು" ಎಂದು ಎಲ್ಲರಿಗೂ ಹೊಂದುವ ಫಾರಂ ಸಾಲದು. ಈ ವ್ಯಕ್ತಿ ಏನು ಮಾಡಿದ ಎಂಬ ಆರೋಪ ಅದರಲ್ಲಿರಬೇಕು.

ಮ್ಯಾಜಿಸ್ಟ್ರೇಟ್ "ಏನಾದರೂ ತೊಂದರೆ ಇದೆಯಾ" ಎಂದು ಕೇಳುತ್ತಾರೆ. ಹುಡುಗರು ಹೆದರಿ ಇಲ್ಲ ಎಂದುಬಿಡುತ್ತಾರೆ. ಹೊಡೆದಿದ್ದರೆ ಅಲ್ಲೇ ಹೇಳಬೇಕು, ವೈದ್ಯರ ಪರೀಕ್ಷೆ ಕೇಳಬೇಕು. ಕಸ್ಟಡಿಯಲ್ಲಿರುವಷ್ಟು ದಿನವೂ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಎಂದು ಡಿ.ಕೆ. ಬಸು ತೀರ್ಪು 1996ರಲ್ಲೇ ಹೇಳಿದೆ. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿ ಮಾಡುವ ಹಕ್ಕಿದೆ, ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಟಾಡಾ, ಪೋಟಾ ಎಂಬ ಹಳೆಯ ಭಯೋತ್ಪಾದನೆ ತಡೆ ಕಾಯ್ದೆಗಳ ಕಾಲದಲ್ಲಿ ಆಗುತ್ತಿತ್ತು, ಈಗಿಲ್ಲ. ಹಾಗಂತ ಖಾಲಿ ಹಾಳೆಗೆ ಸಹಿ ಮಾತ್ರ ಬೇಡವೇ ಬೇಡ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಯನ್ನೂ ಮಾಡುವಂತಿಲ್ಲ. ಅದು 2010ರ ಸೆಲ್ವಿ ತೀರ್ಪು, ನಮ್ಮ ಕರ್ನಾಟಕದಿಂದಲೇ ಹೋದ ಕೇಸು.

ಭಟ್ಕಳದಿಂದ ಒಬ್ಬ ಅಣ್ಣ

ವಕೀಲರು ಮೊದಲ ದಿನದ್ದು ಹೇಳಿದರು. ನಾನು ಮುಂದಿನದ್ದು ಹೇಳುತ್ತೇನೆ. ನನ್ನ ತಮ್ಮ ಇಂಥದ್ದೇ ಕೇಸಲ್ಲಿ ವರ್ಷಗಟ್ಟಲೆ ಒಳಗಿದ್ದ. ಕೊನೆಗೆ ಕೋರ್ಟು ನಿರ್ದೋಷಿ ಎಂದಿತು.

ಬೇರೆ ಕೇಸಲ್ಲಿ ಪೊಲೀಸ್ ಕಸ್ಟಡಿ 15 ದಿನ, ಇದರಲ್ಲಿ 30 ದಿನದವರೆಗೂ ಕೊಡಬಹುದು. ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಇಲ್ಲ. ಆಮೇಲೆ 90 ದಿನದ ಲೆಕ್ಕ. ಮೊದಲ ರಿಮಾಂಡ್ ಆದ ದಿನವನ್ನೂ ಸೇರಿಸಿ ಎಣಿಸಿ. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ, ತನಿಖೆಯ ಅವಧಿಯನ್ನೂ ಕೋರ್ಟ್ ವಿಸ್ತರಿಸದಿದ್ದರೆ ಡಿಫಾಲ್ಟ್ ಜಾಮೀನು ಹಕ್ಕಾಗುತ್ತದೆ. ಕೇಸು ಎಷ್ಟು ದೊಡ್ಡದು ಎಂದು ನೋಡುವಂತಿಲ್ಲ. ಆದರೆ ನೀವೇ ಅರ್ಜಿ ಹಾಕಬೇಕು, ಚಾರ್ಜ್‌ಶೀಟ್ ಕೋರ್ಟಿಗೆ ಬರುವ ಮೊದಲೇ ಹಾಕಬೇಕು. ನಮ್ಮ ಮೊದಲ ವಕೀಲರು ಆ ದಿನ ಊರಲ್ಲೇ ಇರಲಿಲ್ಲ. ಮರುದಿನ ಚಾರ್ಜ್‌ಶೀಟ್ ಬಂತು, ಹಕ್ಕು ಹೋಯಿತು. ಆ ಒಂದು ದಿನಕ್ಕೆ ನನ್ನ ತಮ್ಮ ವರ್ಷಗಳನ್ನು ಕೊಟ್ಟ. ಅದಕ್ಕೇ ಕೈಮುಗಿದು ಹೇಳುತ್ತೇನೆ, ದಿನ ನೀವೇ ಎಣಿಸಿ, ವಕೀಲರಿಗೆ ವಾರ ಮೊದಲೇ ನೆನಪಿಸಿ.

90ನ್ನು 180ಕ್ಕೆ ಏರಿಸಬಹುದು. ಅದಕ್ಕೆ ಸರ್ಕಾರಿ ವಕೀಲರು ತನಿಖೆ ಎಲ್ಲಿಗೆ ಬಂತು, ಇನ್ನೂ ಯಾಕೆ ಒಳಗಿಡಬೇಕು ಎಂದು ವರದಿ ಕೊಡಬೇಕು. ಮ್ಯಾಜಿಸ್ಟ್ರೇಟ್ ಇದನ್ನು ಏರಿಸುವಂತಿಲ್ಲ, ವಿಶೇಷ ಕೋರ್ಟ್ ಅಥವಾ ಸೆಷನ್ಸ್ ಕೋರ್ಟೇ ಆಗಬೇಕು. ಆ ದಿನ ಆರೋಪಿಯೂ ಕೋರ್ಟಿನಲ್ಲೋ ವಿಡಿಯೋದಲ್ಲೋ ಹಾಜರಿರಬೇಕು. ಮ್ಯಾಜಿಸ್ಟ್ರೇಟ್ ಏರಿಸುವಂತಿಲ್ಲ ಎಂಬುದು 2020ರ, ಆರೋಪಿ ಹಾಜರಿರಬೇಕು ಎಂಬುದು 2022ರ ಸುಪ್ರೀಂ ಕೋರ್ಟ್ ತೀರ್ಪು.

ಎನ್‌ಐಎ ವಹಿಸಿಕೊಂಡರೆ ಕೇಸು ಬೆಂಗಳೂರಿನ ವಿಶೇಷ ಕೋರ್ಟಿಗೆ ಹೋಗಬಹುದು. ಆಗ ಪಂಚಗಂಗಾ ರೈಲೇ ನಿಮ್ಮ ಮನೆ. ರಾತ್ರಿ ಹತ್ತಿ ಬೆಳಿಗ್ಗೆ ಇಳಿದು ಪರಪ್ಪನ ಅಗ್ರಹಾರಕ್ಕೆ ಹೋಗುವುದು. ಅಮ್ಮನನ್ನು ಪ್ರತಿ ಸಲ ಎಳೆದುಕೊಂಡು ಹೋಗಬೇಡಿ, ಇ-ಮುಲಾಖಾತ್‌ನಲ್ಲಿ ಹೆಸರು ಹಾಕಿದರೆ ವಿಡಿಯೋದಲ್ಲಿ ಮುಖ ನೋಡಬಹುದು. ನಮ್ಮಮ್ಮ ಅದರಲ್ಲೇ "ಊಟ ಆಯ್ತಾ" ಎಂದು ಕೇಳುತ್ತಿದ್ದರು. "ಕೇಸ್ ಸೆಟಲ್ ಮಾಡಿಸುತ್ತೇನೆ" ಎಂದು ದುಡ್ಡು ಕೇಳಿಕೊಂಡು ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಟಿವಿಯವರು ಬಾಗಿಲಿಗೆ ಬಂದರೆ ವಕೀಲರನ್ನು ಕೇಳಿ ಎನ್ನಿ. ತಮ್ಮನ ಲ್ಯಾಪ್‌ಟಾಪ್, ಫೋನ್ ಏನಾದರೂ ಮನೆಯಲ್ಲಿದ್ದರೆ ಮುಟ್ಟಬೇಡಿ. ಗಾಬರಿಯಲ್ಲಿ ಏನನ್ನಾದರೂ ಅಳಿಸಿದರೆ ನಿಮ್ಮ ಮೇಲೂ ಕೇಸಾಗುತ್ತದೆ.

ಶಿರಸಿಯಿಂದ

ಬೇಜಾರು ಮಾಡಬೇಡಿ, ನನಗೆ ಅನಿಸಿದ್ದು ಹೇಳುತ್ತೇನೆ. ಬಾಂಬ್ ಇಟ್ಟವರಿಗೆ ಇಷ್ಟೆಲ್ಲ ಹಕ್ಕು. ಸತ್ತವರ ಮನೆಯವರಿಗೆ ಏನಿದೆ?

ಅಂಕೋಲಾದ ನಿವೃತ್ತ ಕೋರ್ಟ್ ನೌಕರ

ಶಿರಸಿಯವರ ಪ್ರಶ್ನೆ ಸರಿಯಾದದ್ದೇ. ಸತ್ತವರ ಮನೆಯವರಿಗೆ ನಿಜವಾದ ಅಪರಾಧಿ ಸಿಗಬೇಕು. ಅಕ್ಷರಧಾಮ ದೇವಾಲಯದ ದಾಳಿ 2002ರಲ್ಲಿ ನಡೆಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರನ್ನು ಬಿಡುಗಡೆ ಮಾಡಿತು. ಅವರಲ್ಲಿ ಮೂವರಿಗೆ ಗಲ್ಲು ಆಗಿತ್ತು. ಒಳಗಿದ್ದವರ ಬದುಕು ಹೋಯಿತು, ಸತ್ತವರ ಮನೆಯವರಿಗೂ ನ್ಯಾಯ ಸಿಗಲಿಲ್ಲ, ಅಲ್ವಾ? ಇನ್ನು ಮುಂಬೈ ದಾಳಿಯ ಕಸಬ್. ಅವನಿಗೂ ವಕೀಲರನ್ನು ಕೊಟ್ಟರು, ಪೂರ್ತಿ ವಿಚಾರಣೆ ಆಯಿತು, ಶಿಕ್ಷೆಯೂ ಆಯಿತು. ಅದೇ 2012ರ ತೀರ್ಪಿನಲ್ಲೇ ಕೋರ್ಟು ಹೇಳಿದ್ದು, ಮೊದಲ ಸಲ ಮ್ಯಾಜಿಸ್ಟ್ರೇಟ್ ಮುಂದೆ ಬಂದಾಗಲೇ ಆರೋಪಿಗೆ ವಕೀಲರು ಸಿಗಬೇಕು ಅಂತ.

ಅಕ್ಕನಿಗೆ ಒಂದು ಮಾತು. ನಿಮ್ಮೂರಲ್ಲಿ ವಕೀಲರು ಹಿಂಜರಿಯಬಹುದು. ಪಕ್ಕದ ಹುಬ್ಬಳ್ಳಿಯಲ್ಲೇ 2020ರಲ್ಲಿ ದೇಶದ್ರೋಹದ ಕೇಸಿನ ವಿದ್ಯಾರ್ಥಿಗಳ ಪರ ವಾದಿಸಬಾರದು ಎಂದು ವಕೀಲರ ಸಂಘ ನಿರ್ಣಯ ಮಾಡಿತ್ತು. ಹೈಕೋರ್ಟ್ ಅದನ್ನು ಖಂಡಿಸಿತು. ಇಂಥ ನಿರ್ಣಯಕ್ಕೆ ಬೆಲೆಯೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿಬಿಟ್ಟಿದೆ. ಒಬ್ಬರು ಬೇಡ ಅಂದರೆ ಇನ್ನೊಬ್ಬರನ್ನು ಕೇಳಿ. ನಾಚಿಕೆ ಬೇಡ.

ಹೊನ್ನಾವರದ ಪ್ಯಾರಾ ಲೀಗಲ್ ಸ್ವಯಂಸೇವಕಿ

ಯಾರೂ ಸಿಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕಾರವಾರದಲ್ಲಿದೆ, ತಾಲೂಕು ಕೋರ್ಟಲ್ಲೂ ಸಮಿತಿ ಇರುತ್ತದೆ.

ಕುಮಟಾ ಕಡೆಯ ಅಕ್ಕ

ಎಲ್ಲರಿಗೂ ಕೈಮುಗಿದೆ. ಈಗಷ್ಟೇ ಫೋನ್ ಬಂತು, ರಾತ್ರಿಯೇ ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ಯುತ್ತಾರಂತೆ. ಮಾವ ಬರುತ್ತಿದ್ದಾರೆ. ತಮ್ಮನಿಗೆ ಫಿಟ್ಸ್ ಇದೆ, ದಿನಾ ಮಾತ್ರೆ ಬೇಕು. ಅದನ್ನು ಯಾರಿಗೆ ಕೊಡಲಿ?

ಕಾರವಾರದ ವಕೀಲೆ

ಮಾತ್ರೆಯನ್ನು ಸುಮ್ನೆ ಯಾರ ಕೈಗೂ ಕೊಡಬೇಡಿ. ವೈದ್ಯರ ಚೀಟಿ, ಹಳೆಯ ರಿಪೋರ್ಟ್ ತೆಗೆದುಕೊಂಡು ಬನ್ನಿ. ಫಿಟ್ಸ್ ಇದೆ, ಇಂಥ ಮಾತ್ರೆ ಇಷ್ಟು ಹೊತ್ತಿಗೆ ಬೇಕು ಎಂದು ಅರ್ಜಿ ಬರೆದು ಮ್ಯಾಜಿಸ್ಟ್ರೇಟರಿಗೇ ಕೊಡೋಣ. ರಿಮಾಂಡ್ ಆದೇಶದಲ್ಲೇ ಅದನ್ನು ಸೇರಿಸಿ ಎಂದು ಕೇಳೋಣ. ನಾನು ಕಾರವಾರದಿಂದ ಹೊರಟೆ. ವಕಾಲತ್ತಿಗೆ ತಮ್ಮನ ಸಹಿ ಅಲ್ಲೇ ಮಾಡಿಸುತ್ತೇನೆ. ನೀವು ಅವನ ಆಧಾರ್ ಪ್ರತಿ, ಒಂದು ಜೊತೆ ಬಟ್ಟೆ ತನ್ನಿ.